ಹೀರೆಬಳ್ಳಿಯ ನೀರು ಕುಡಿದ ಗೋಡೆ

ನಾನು ಚಿಕ್ಕವಳಿದ್ದಾಗ, ಸಂತೆಕಲ್ಲೂರಿನ ನಮ್ಮ ಮನೆ ಪೂರಾ ಮಣ್ಣಿನದು. ಮುಂಗಾರಿನ ಮಿರಗದ ಮಳೆ ಬರುವ ಮೊದಲೇ ಅಪ್ಪ ಸವಳು ಮಣ್ಣು ತಂದು ಮಾಳಿಗೆಗೆ ಹಾಸುತ್ತಿದ್ದ. ಆ ಮಣ್ಣು ನೀರನ್ನು ಕೆಳಗೆ ಇಳಿಯಗೊಡುತ್ತಿರಲಿಲ್ಲ. ಗೋಡೆಗೆ ಹೊಟ್ಟು, ಸೆಗಣಿ ಸೇರಿಸಿದ ಮಣ್ಣು ಮೆತ್ತಬೇಕು. ಅದನ್ನು ತುಳಿದು ಹದ ಮಾಡುವುದು ನನ್ನ ಪಾಲಿನ ಕೆಲಸ. ಕಾಲ್ಬೆರಳ ಸಂದಿಯಲ್ಲಿ ತಣ್ಣಗೆ ಪಿಚಕ್ಕನೆ ಏಳುತ್ತಿದ್ದ ಕೆಸರಿನ ಸುಖ ನಿಮಗೆ ಹೇಗೆ ಹೇಳಲಿ ಮಕ್ಕಳೇ!

ಆ ಬೇಸಿಗೆಯಲ್ಲಿ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳಿಗೆ ಹೀರೆಕಾಯಿ ಪಲ್ಯ ಎಂದರೆ ಪ್ರಾಣ. ಅದಕ್ಕೇ ಅವಳು ಮಲಗುವ ಕೋಣೆಯ ಹೊರಗೋಡೆಯ ಬುಡದಲ್ಲಿ, ಅವಳು ಬರುವ ಮೊದಲೇ, ನಾನು ಹೀರೆಬೀಜ ಊರಿದ್ದೆ. "ಗ್ವಾಡಿ ಬುಡಕ್ಕ ನೀರು ಹಾಕಬ್ಯಾಡ" ಎಂದು ಅಪ್ಪ ಎಷ್ಟು ಸಲ ಹೇಳಿದ್ದನೋ! ನನ್ನ ಕಿವಿಗೆ ಬಿದ್ದರೆ ತಾನೇ? ದಿನಾ ಒಂದು ಕೊಡ ನೀರು ಕದ್ದು ಸುರಿದೆ. ಬಳ್ಳಿ ಮಾಳಿಗೆ ಏರಿ ಹಳದಿ ಹೂ ಬಿಟ್ಟಿತು.

ಒಂದು ಬೆಳಿಗ್ಗೆ ನೋಡಿದರೆ ಎಲೆಗಳ ಹಿಂದೆ ಗೋಡೆ ಕಪ್ಪಾಗಿ ಉಬ್ಬಿತ್ತು. ಬೆರಳಿಟ್ಟೆ, ಬೆಣ್ಣೆಯಲ್ಲಿ ಇಟ್ಟ ಹಾಗೆ ಒಳಗೆ ಹೋಯಿತು. ಮಹಾ ಜಾಣೆ ನಾನು! ಕೆಸರು ತಂದು ಅದರ ಮೇಲೆ ನುಣ್ಣಗೆ ಮೆತ್ತಿ ಮುಚ್ಚಿಬಿಟ್ಟೆ. ಯಾರಿಗೂ ತಿಳಿಯಲಿಲ್ಲ.

ಮಧ್ಯಾಹ್ನ ಅಕ್ಕ ಒಳಗೆ ಅದೇ ಗೋಡೆಗೆ ಒರಗಿ, ಕಾಲು ಚಾಚಿ, ಹುಟ್ಟುವ ಕೂಸಿಗೆ ಕುಲಾವಿ ಹೊಲಿಯುತ್ತಾ ಕುಳಿತಳು. ತಿನ್ನುತ್ತಿದ್ದ ರೊಟ್ಟಿ ಬಿಟ್ಟು ಎದ್ದೆ. ಓಡಿಹೋಗಿ ಅವಳ ಕೈ ಜಗ್ಗಿದೆ.

"ಏಳಬೇ ಅಕ್ಕಾ, ಗ್ವಾಡಿ ಬೀಳತೈತಿ! ನಾನೇ ನೀರು ಹಾಕೀನಿ!" ಎಂದು ಹೋ ಎಂದು ಅತ್ತೆ.

ಅಪ್ಪ ಬಂದು ನನ್ನ ಮೆತ್ತಿಗೆಯನ್ನು ಕೆರೆದು ನೋಡಿದ. ಬೆನ್ನಿಗೆ ಎರಡು ಬೀಳುತ್ತವೆ ಅಂದುಕೊಂಡೆ. ಅವನು ನನ್ನನ್ನು ಹತ್ತಿರ ಎಳೆದುಕೊಂಡ.

"ನೀರು ಹಾಕಿದ್ದು ತಪ್ಪು. ಮುಚ್ಚಿದ್ದು ಅದಕ್ಕಿಂತ ದೊಡ್ಡ ತಪ್ಪವ್ವಾ. ಹಸಿ ಗ್ವಾಡಿಗೆ ಗಾಳಿ ಬೇಕು. ಮ್ಯಾಲ ಮೆತ್ತಿದ್ರ ಹಸಿ ಒಳಗ ಉಳಿತೈತಿ. ಬಂದು ಹೇಳಿದಿಯಲ್ಲಾ, ಸಾಕು ಬಿಡು."

ಅಕ್ಕನ ಹಾಸಿಗೆ ಪಡಸಾಲೆಗೆ ಬಂತು. ಅಪ್ಪ ಗೋಡೆಗೆ ತೊಲೆ ಆನಿಸಿ ನಿಲ್ಲಿಸಿದ. ಬಳ್ಳಿ ಕಿತ್ತು, ಹಸಿಮಣ್ಣು ಕೆರೆದು, ನೀರು ದೂರ ಹರಿಯಲು ಕಾಲುವೆ ತೋಡಿದ. ಕಿತ್ತ ಬಳ್ಳಿಯಲ್ಲಿದ್ದ ನಾಲ್ಕು ಎಳೆಕಾಯಿಯನ್ನೇ ಅಕ್ಕ ಪಲ್ಯ ಮಾಡಿ, ಮೊದಲ ತುತ್ತು ನನಗೆ ಇಟ್ಟಳು.

ಅಂದಿನಿಂದ ದಿನಾ ಬೆಳಿಗ್ಗೆ ಅಪ್ಪ ನನ್ನ ಅಂಗೈಯನ್ನು ಗೋಡೆಗೆ ಒತ್ತಿಸುತ್ತಿದ್ದ. "ಒಣಗೇತೇನು?"

"ಇನ್ನ ತಣ್ಣಗೈತಪ್ಪಾ."

ಪೂರ್ತಿ ಒಣಗಿದ ಮೇಲೆ ಉಬ್ಬಿದಲ್ಲಿ ಹೊಸ ಮಣ್ಣು ತುಂಬಿ ಮೆತ್ತಿದೆವು. ಮಿರಗದ ಮಳೆ ಧೋ ಎಂದು ಸುರಿದಾಗ ಅಕ್ಕನ ಕೂಸು ಅದೇ ಕೋಣೆಯಲ್ಲಿ ಬೆಚ್ಚಗೆ ಮಲಗಿತ್ತು. ನಾನು ಮಾತ್ರ ಗೋಡೆಯ ಮೇಲಿಂದ ಕೈ ತೆಗೆಯಲಿಲ್ಲ.

ಸಿಂಧನೂರಿನ ನಿಮ್ಮ ಮನೆಗೆ ಸಿಮೆಂಟಿನ ಗೋಡೆ, ಮೇಲೆ ಚೆಂದದ ಬಣ್ಣ. ಮಣ್ಣು ತುಳಿಯುವ ಕೆಲಸ ನಿಮಗಿಲ್ಲ. ಆದರೆ ನಿನ್ನೆ ನಿಮ್ಮ ಕೋಣೆಯಲ್ಲಿ, ಬಚ್ಚಲ ಕಡೆಯ ಗೋಡೆಗೆ ಹೊಸದಾಗಿ ಅಂಟಿಸಿದ ಆನೆಯ ಚಿತ್ರ ಕಂಡೆ. ಅದರ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಆಚೆ ಬಚ್ಚಲಲ್ಲಿ ನಲ್ಲಿ ಮುರಿದು ಗೋಡೆಗೆ ನೀರು ಇಳಿಯುತ್ತಿತ್ತು. ಆಟದಲ್ಲಿ ಅದನ್ನು ಮುರಿದವರು ಯಾರೆಂದು ನಾನು ಕೇಳುವುದಿಲ್ಲ. ಬನ್ನಿ, ಚಿತ್ರ ಬಿಚ್ಚೋಣ. ನಿಮ್ಮಪ್ಪನಿಗೆ ಹೇಳುವಾಗ ನಿಮ್ಮ ಕೈ ಹಿಡಿದು ನಾನೂ ನಿಂತಿರುತ್ತೇನೆ.