ಚಿಕ್ಕಮ್ಮನ ಎಲೆಯ ಮೈಸೂರುಪಾಕು

ಆ ದಿನಗಳಲ್ಲಿ ನಮ್ಮ ಸಿದ್ಧಕಟ್ಟೆ ಕಡೆ ಮಗುವಿಗೆ ‘ರಕ್ತ ಕಡಿಮೆ’ ಎಂದರೆ ಅದು ಮಗುವಿನ ಕಾಯಿಲೆಯಲ್ಲ, ತಾಯಿಗೆ ಬೈಗುಳ. ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಬಂದ ಡಾಕ್ಟರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, “ಇವಳಿಗೆ ಸೊಪ್ಪು ಗಿಪ್ಪು ಏನಾದ್ರೂ ಕೊಡ್ತೀರಾ ಇಲ್ವಾ?” ಎಂದು ಅಲ್ಲಿ ಸೇರಿದ್ದ ಅಷ್ಟೂ ತಾಯಂದಿರ ಎದುರು ಅಮ್ಮನನ್ನು ಕೇಳಿದ್ದರು. ಅಪ್ಪ ದುಬೈಯಲ್ಲಿದ್ದರು. ದುಬೈ ದುಡ್ಡಿನ ಮನೆಯ ಹುಡುಗಿಗೆ ರಕ್ತವಿಲ್ಲ ಎಂಬ ಮಾತು ಊರು ಸುತ್ತುವ ಮೊದಲೇ ಅಮ್ಮ ಸೆರಗು ಸಿಕ್ಕಿಸಿದಳು.

ಆಗಿನ್ನೂ ಆಟಿ, ನಮ್ಮ ಕಡೆಯ ಜಡಿಮಳೆಯ ತಿಂಗಳು. ಅಂಗಳದ ಬದಿಯಲ್ಲಿ ತಿಮರೆ ಎಂದು ನಾವು ಕರೆಯುವ ಒಂದೆಲಗ, ಬೇಲಿಯ ಬುಡದಲ್ಲಿ ಚಗಟೆ ಸೊಪ್ಪು, ಬಾವಿಕಟ್ಟೆಯ ಹಿಂದೆ ಕೆಸು. ಎಲ್ಲವೂ ನನ್ನ ಬಟ್ಟಲಿಗೆ ಬಂದವು. ಆಟಿ ಅಮಾವಾಸ್ಯೆಯಂದು ನಮ್ಮಲ್ಲಿ ಬರೀ ಹೊಟ್ಟೆಗೆ ಹಾಲೆ ಮರದ ತೊಗಟೆಯ ಕಷಾಯ ಕುಡಿಸಿ, ಮೇಲೆ ಒಂದು ಚೂರು ಬೆಲ್ಲ, ಆಮೇಲೆ ಮೆಂತೆ ಗಂಜಿ ಕೊಡುತ್ತಾರೆ. ವರ್ಷಕ್ಕೊಂದು ದಿನದ ಈ ಪದ್ಧತಿಯನ್ನು ಅಮ್ಮ ದಿನನಿತ್ಯದ್ದು ಮಾಡಿಕೊಂಡಳು. ಕಹಿಯನ್ನು ಇಟ್ಟುಕೊಂಡಳು, ಬೆಲ್ಲವನ್ನು ಮಾತ್ರ ತೆಗೆದುಹಾಕಿದಳು. ಬೇಕರಿಯ ಎದುರು ಬಂದಾಗ ನನ್ನ ಕೈ ಹಿಡಿದು ರಸ್ತೆಯ ಆಚೆ ಬದಿಗೆ ದಾಟಿಬಿಡುತ್ತಿದ್ದಳು. ಬೆಣ್ಣೆ ಬಿಸ್ಕತ್ತಿನ ಪರಿಮಳಕ್ಕೆ ರಸ್ತೆ ದಾಟಲು ಯಾರ ಕೈಯೂ ಬೇಕಿರಲಿಲ್ಲ.

ಅಪ್ಪ ಊರಿಗೆ ಬರುವವರ ಕೈಯಲ್ಲಿ ಚಾಕಲೇಟು ಕಳಿಸುತ್ತಿದ್ದರು. ಅದು ದೊಡ್ಡ ತಗಡಿನ ಡಬ್ಬಿಯಲ್ಲಿ, ಪರಿಮಳದ ಸೋಪುಗಳ ಜೊತೆ, ಕಬ್ಬಿಣದ ಕಪಾಟಿನೊಳಗೆ ಇತ್ತು. ಬೀಗದ ಕೈ ಅಮ್ಮನ ಸೊಂಟದಲ್ಲಿ.

“ಒಂದೇ ಒಂದು ಅಮ್ಮಾ.”

“ಮೈಯಲ್ಲಿ ರಕ್ತ ಬರಲಿ. ಮತ್ತೆ ಕೊಡುವ.”

ರಕ್ತ ಬಂದದ್ದು ಗೊತ್ತಾಗುವುದು ಹೇಗೆ ಎಂದು ತಿಳಿಯದೆ ನಾನು ದಿನವೂ ಕನ್ನಡಿಯ ಮುಂದೆ ನಿಂತು ರೆಪ್ಪೆ ಎಳೆದು ನೋಡಿಕೊಳ್ಳುತ್ತಿದ್ದೆ.

ಆಟಿ ಮುಗಿದದ್ದೇ ವಿಟ್ಲದಲ್ಲಿ ಅಪ್ಪನ ಕಡೆಯ ಅಜ್ಜನ ಮನೆಯಲ್ಲಿ ಶಶಿ ಚಿಕ್ಕಮ್ಮನ ಬಯಕೆ. ಚಿಕ್ಕಮ್ಮ ಎಂದರೆ ಅಪ್ಪನ ತಮ್ಮನ ಹೆಂಡತಿ, ಚೊಚ್ಚಲ ಬಸುರಿ. ಬಸುರಿಗೆ ಏನೆಲ್ಲ ಆಸೆಯೋ ಅದನ್ನೆಲ್ಲ ಮಾಡಿ, ದೊಡ್ಡ ಕುಡಿಬಾಳೆಯಲ್ಲಿ ಬಡಿಸಿ, ದೀಪದ ಮುಂದೆ ಕೂರಿಸುವ ಶಾಸ್ತ್ರವದು. ಪಕ್ಕದಲ್ಲಿ ಮಕ್ಕಳನ್ನೂ ಕೂರಿಸುತ್ತಾರೆ. ಅಂದು ಆ ಜಾಗ ನನಗೆ ಸಿಕ್ಕಿತು. ಎಲೆಯ ತುಂಬ ಹೋಳಿಗೆ, ಲಾಡು, ಚಕ್ಕುಲಿ, ಕಡುಬು, ತುಪ್ಪ ಒಸರುವ ಮೈಸೂರುಪಾಕು. ಮೊದಲ ತುತ್ತು ಬಸುರಿಯದ್ದು. ಅವಳು ಯಾವುದಕ್ಕೆ ಕೈ ಹಾಕುತ್ತಾಳೆ ಎಂದು ಹೆಂಗಸರೆಲ್ಲ ಸುತ್ತ ನಿಂತು ನೋಡುವುದು ವಾಡಿಕೆ.

ಚಿಕ್ಕಮ್ಮ ನಾಚಿಕೊಂಡು ಮೈಸೂರುಪಾಕಿಗೆ ಕೈ ಚಾಚಿದಳು. ಅಷ್ಟರಲ್ಲಿ ಅದು ನನ್ನ ಬಾಯಲ್ಲಿತ್ತು.

ಅಪ್ಪನ ಅಕ್ಕ ಗಿರಿಜ ಮಾಮಿಯದು ಗದ್ದೆಯ ಆಚೆ ಬದಿಗೂ ಕೇಳುವ ಸ್ವರ. “ಎಂಥ ಮಾರಾಯ್ತಿ ಇದು! ಬಯಕೆ ಅವಳಿಗಾ, ನಿಂಗಾ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು ಲಾಡಿಗೆ ಕೈ ಹಾಕಿದೆ. ಮಾಮಿ ನನ್ನ ಮುಖವನ್ನೇ ನೋಡುತ್ತ ಈ ಸಲ ನಗದೆ ಕೇಳಿದರು, “ಮನೆಯಲ್ಲಿ ಅಮ್ಮ ನಿಂಗೆ ಏನೂ ಕೊಡುದಿಲ್ವಾ ಬಾಲೆ?”

“ಇಲ್ಲ. ಅಪ್ಪ ಕಳಿಸಿದ್ದೆಲ್ಲ ಕಪಾಟಿನಲ್ಲಿ ಉಂಟು. ಬೀಗ ಹಾಕಿ.”

ನಗು ನಿಂತುಹೋಯಿತು. ಗಂಡನ ಮನೆಯವರ ನಡುವೆ ಪಾಯಸದ ಸೌಟು ಹಿಡಿದು ನಿಂತಿದ್ದ ಅಮ್ಮನ ಕಡೆ ಎಲ್ಲರೂ ತಿರುಗಿದರು. “ಅಲ್ಲಿ ನನ್ನ ತಮ್ಮ ಬಿಸಿಲಲ್ಲಿ ಬೇಯುದು ಯಾರಿಗೆ ಅಂತ?” ಎಂದರು ಮಾಮಿ. ಅಮ್ಮ ಡಾಕ್ಟರು, ರಕ್ತ ಎಂದು ಏನೋ ಹೇಳಲು ಹೋದಳು. ಅಷ್ಟರಲ್ಲಿ ಯಾರೋ ನನ್ನ ಲಂಗದ ಜೇಬಿನತ್ತ ಬೆರಳು ಮಾಡಿದರು. ಮೊದಲೇ ಅಡುಗೆಮನೆಯಿಂದ ಎತ್ತಿ ತುರುಕಿಕೊಂಡಿದ್ದ ಹೋಳಿಗೆಯ ತುಪ್ಪ ರೇಷ್ಮೆಯ ಮೇಲೆ ಅಂಗೈಯಗಲ ಹರಡಿತ್ತು. ಅಮ್ಮನ ಮುಖ ನೋಡಿದ ಮೇಲೆಯೇ ನಾನು ಮಾಡಿದ್ದು ಏನೆಂದು ನನಗೆ ತಿಳಿದದ್ದು. ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅದು ಮಕ್ಕಳಿಗೂ ಅನಿಸುತ್ತದೆ.

ವಿಟ್ಲದಿಂದ ಬಿ.ಸಿ. ರೋಡಿಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ದಾರಿಯುದ್ದಕ್ಕೂ ಅಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ತುಪ್ಪದ ಕಲೆ ಯಾರಿಗೂ ಕಾಣದ ಹಾಗೆ ತನ್ನ ಸೆರಗನ್ನು ನನ್ನ ಮಡಿಲ ಮೇಲೆ ಹೊದಿಸಿ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ಮನೆಗೆ ಬಂದವಳೇ ಕಪಾಟು ತೆರೆದು ಇಡೀ ಡಬ್ಬಿಯನ್ನು ಚಾಪೆಯ ಮೇಲೆ ಸುರಿದಳು.

“ತಿನ್ನು.”

ನಾನು ಮುಟ್ಟಲಿಲ್ಲ.

“ನಿನ್ನನ್ನು ಬರಗೆಟ್ಟವಳ ಹಾಗೆ ಮಾಡಿಬಿಟ್ಟೆನಾ ನಾನು?” ಎಂದು ಕೇಳಿ ಅಮ್ಮ ಅತ್ತಳು. ನಾನೂ ಅತ್ತೆ. ಆಮೇಲೆ ಒಂದನ್ನು ಬಿಡಿಸಿ ಬಾಯಿಗೆ ಹಾಕಿಕೊಂಡೆ. ಸೋಪಿನ ವಾಸನೆ! ಹಾಗೆ ಹೇಳಿದಾಗ ಅಮ್ಮ ನಂಬದೆ ತಾನೂ ಒಂದು ತಿಂದಳು. ಗಂಡ ಕಳಿಸಿದ ಚಾಕಲೇಟಿನ ರುಚಿಯನ್ನು ಅವಳು ಅಂದೇ ಮೊದಲು ನೋಡಿದ್ದು. “ಅಯ್ಯೋ, ಇದಕ್ಕಾ ನಾನು ಬೀಗ ಹಾಕಿದ್ದು?” ಎಂದು ಅಳುತ್ತಲೇ ನಕ್ಕಳು. ಆಮೇಲೆ ತಿಮರೆ ಚಟ್ನಿ ತಪ್ಪಲಿಲ್ಲ, ಆದರೆ ಪಕ್ಕದಲ್ಲಿ ಬೆಲ್ಲ ಕಾಯಿ ತುಂಬಿದ ನೀರುದೋಸೆಯೂ ಇರುತ್ತಿತ್ತು. ಬೀಗದ ಕೈ ಕಪಾಟಿನಲ್ಲೇ ನೇತಾಡುತ್ತಿತ್ತು.

ಈಗ ನಾನು ಮೂಡಬಿದಿರೆಯಲ್ಲಿದ್ದೇನೆ. ಮಗಳ ಇಡ್ಲಿಗೆ ರಾಗಿ, ದೋಸೆಗೆ ಬೀಟ್ರೂಟು, ಸಿಹಿ ಭಾನುವಾರ ಮಾತ್ರ. ಬೀಗವಿಲ್ಲ, ಬೈಗುಳವೂ ಕಡಿಮೆ, ನಾನು ಅಮ್ಮನಿಗಿಂತ ಜಾಣೆ ಎಂದುಕೊಂಡಿದ್ದೆ. ಮೊನ್ನೆ ಹಾಲ್ ಒಂದರಲ್ಲಿ ನಡೆದ ನೆಂಟರ ಬಯಕೆಯಲ್ಲಿ ಮಗಳು ಬಸುರಿಯ ಪಕ್ಕ ಕೂತಳು. ಒಂದೊಂದನ್ನು ಮುಟ್ಟುವ ಮೊದಲೂ ನನ್ನ ಮುಖ ನೋಡಿದಳು. ಮೈಸೂರುಪಾಕನ್ನು ಬದಿಗೆ ಸರಿಸಿ ಸೌತೆಕಾಯಿ ತಿಂದಳು. “ಎಷ್ಟು ಚಂದ ಕಲಿಸಿದ್ದೀರಿ ಮಾರಾಯ್ರೆ!” ಎಂದರು ಎಲ್ಲರೂ. ನಾನು ಉಬ್ಬಿಹೋದೆ.

ಅಂದು ಸಂಜೆ ಅವಳ ಕಂಪಾಸ್ ಪೆಟ್ಟಿಗೆಯಲ್ಲಿ ಪೆನ್ಸಿಲ್ ಹುಡುಕುವಾಗ ಚಾಕಲೇಟಿನ ಕಾಗದಗಳು ಸಿಕ್ಕವು. ಒಂದೊಂದನ್ನೂ ಉಗುರಿನಷ್ಟಕ್ಕೆ ಮಡಚಿ ಇಟ್ಟಿದ್ದಳು.

“ಯಾವಾಗ ತಿಂದದ್ದು?”

“ಸ್ಕೂಲ್ ವ್ಯಾನಲ್ಲಿ. ನಿಂಗೆ ಬೇಜಾರಾಗ್ತದೆ ಅಂತ ಹೇಳಲಿಲ್ಲ.”

ಅಷ್ಟು ಸಣ್ಣಗೆ ಮಡಚಿದ ಕಾಗದಗಳನ್ನು ಕೈಯಲ್ಲಿ ಹಿಡಿದು ನಾನು ನಾಚಿಕೆಯಿಂದ ಕುಗ್ಗಿದೆ. ಅಮ್ಮ ಈಗ ಇಲ್ಲ. ಗಿರಿಜ ಮಾಮಿಯೂ ಇಲ್ಲ. “ಮನೆಯಲ್ಲಿ ಅಮ್ಮ ಏನೂ ಕೊಡುದಿಲ್ವಾ?” ಎಂದು ತುಂಬಿದ ಮನೆಯಲ್ಲಿ ದೊಡ್ಡ ಬಾಯಿ ಮಾಡುವವರು ನಮ್ಮಲ್ಲಿ ಯಾರೂ ಉಳಿದಿಲ್ಲ. ಆ ಹಾಲ್‌ನಲ್ಲಿ ಒಬ್ಬರಾದರೂ ಹಾಗೆ ಕೇಳಿದ್ದರೆ ನಾನು ಮುಖವೆತ್ತಲಾಗದ ಹಾಗೆ ಆಗುತ್ತಿತ್ತು, ನಿಜ. ಆದರೆ ನನ್ನ ಮಗಳು ಆ ಮೈಸೂರುಪಾಕನ್ನು ಎಲ್ಲರ ಎದುರು ತಿಂದಿರುತ್ತಿದ್ದಳು.