ಕಾಗೆಗೆಂದು ಇಟ್ಟ ಅನ್ನ

ನನ್ನ ಅತ್ತೆಯ ತವರು ಮಾವಿನಕುರ್ವೆ. ಹೊಳೆಯ ಆಚೆ ದಡದಲ್ಲಿರುವ ದೋಣಿಯನ್ನು ಕರೆಯಲು ಅವರಿಗೆ ಒಂದು ಕೂಗಿತ್ತು. ಕೆಳದನಿಯಲ್ಲಿ ಶುರುವಾಗಿ, ಉದ್ದಕ್ಕೆ ಎಳೆದು, ಕೊನೆಯಲ್ಲಿ ಥಟ್ಟನೆ ಮೇಲಕ್ಕೇರುವ "ಊ...ಯ್". ಹೊನ್ನಾವರದ ನಮ್ಮ ಮನೆಯ ಹಿತ್ತಲಿನಿಂದ ನನ್ನನ್ನೂ ಹಾಗೆಯೇ ಕರೆಯುತ್ತಿದ್ದರು. ನಾನು ಕೈಯಲ್ಲಿದ್ದುದನ್ನು ಬಿಟ್ಟು "ಓ, ಬಂದೆ" ಅನ್ನುತ್ತಿದ್ದೆ.

ಅವರು ತೀರಿಕೊಂಡ ಮರುವರ್ಷ ನಾನು ಆಫ್ರಿಕಕ್ಕೆ ಹೋದೆ. ಭಟ್ಕಳದ ಹೋಟೆಲಿನಲ್ಲಿ ಕೈ ಪಳಗಿಸಿಕೊಂಡ ನನ್ನ ಗಂಡ, ಅಲ್ಲಿನ ಒಂದು ಖಾಸಗಿ ವನ್ಯಧಾಮದ ಸಫಾರಿ ಕ್ಯಾಂಪಿನಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಾರೆ. ಅತಿಥಿಗಳು ಕಡಿಮೆಯಿರುವ ತಿಂಗಳಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಬಹುದಿತ್ತು. ಹೊರಡುವ ಮುಂಚೆ ಕುಮಟಾ ಪೇಟೆಯಲ್ಲಿ ಒಣಸಿಗಡಿ ಕೊಳ್ಳುತ್ತಿದ್ದಾಗ ಮೀನಿನವಳು ಕೇಳಿದ್ದಳು: "ಎಂತ ಅಕ್ಕ, ಸಿಂಹಕ್ಕೆ ಚಟ್ನಿ ಮಾಡಿ ಹಾಕುಕೆ ಹೊಂಟ್ರ್ಯಾ?"

ಅತಿಥಿಗಳ ಡೇರೆಗಳಲ್ಲಿ ಹಿತ್ತಾಳೆಯ ನಲ್ಲಿಗಳು, ಇಸ್ತ್ರಿ ಮಾಡಿದ ಸೊಳ್ಳೆಪರದೆಗಳು. ಅವರು ಕೊಡುವ ಹಣದಿಂದಲೇ ಕಾಡಿನ ಕಾವಲು ನಡೆಯುತ್ತದಂತೆ. ಕಳ್ಳಬೇಟೆಯವರು ಕೊಲ್ಲದಿರಲೆಂದು ಘೇಂಡಾಮೃಗಗಳ ಕೊಂಬನ್ನು ಕ್ಯಾಂಪಿನವರೇ ಕೊಯ್ದು ತೆಗೆದಿದ್ದರು. ಬಳೆ ತೆಗೆದ ಕೈಯಂತೆ ಬೋಳಾದ ಆ ಮುಖವನ್ನು ನನಗೆ ಬಹಳ ಹೊತ್ತು ನೋಡಲಾಗಲಿಲ್ಲ.

ಮೊದಲ ದಿನವೇ ಬಂದೂಕು ಹೊತ್ತ ಮುದುಕ ಕಾವಲುಗಾರ ನನ್ನನ್ನು ಕೂರಿಸಿಕೊಂಡು, ಕಾನ್ವೆಂಟಿನ ಸಿಸ್ಟರ್ ಪಾಠ ಹೇಳಿದಷ್ಟು ನಿಧಾನವಾಗಿ ಇಂಗ್ಲಿಷಿನಲ್ಲಿ ಹೇಳಿದ: "ತಿನ್ನುವ ವಸ್ತು ಹೊರಗೆ ಇಡಬೇಡಮ್ಮ. ನಮ್ಮ ಊಟದ ರುಚಿ ಹತ್ತಿದ ಪ್ರಾಣಿ ಡೇರೆಯೊಳಗೆ ಬರುತ್ತದೆ. ಬಂದರೆ ನಾನು ಅದನ್ನು ಕೊಲ್ಲಲೇಬೇಕು. ತಪ್ಪು ಮಾಡುವುದು ನಾವು, ಸಾಯುವುದು ಅದು."

ನಾನು ತಲೆಯಾಡಿಸಿದೆ. ಆ ಮಾತನ್ನು ಪಾಲಿಸಿದೆ ಎಂದೇ ತಿಳಿದಿದ್ದೆ.

ಅತ್ತೆಯ ವರ್ಷಾಂತದ ತಿಥಿ ಅಲ್ಲಿಯೇ ಬಂತು. ಅನ್ನ, ಅವರಿಗೆ ಇಷ್ಟದ ಸಿಗಡಿ ಚಟ್ನಿ ಮಾಡಿ, ಸಿಬ್ಬಂದಿ ಡೇರೆಗಳ ಕೊನೆಯಲ್ಲಿದ್ದ ನಮ್ಮ ಡೇರೆಯ ಹಿಂದಿನ ಕಲ್ಲಿನ ಮೇಲೆ ಒಂದು ಸ್ಟೀಲ್ ತಟ್ಟೆಯಲ್ಲಿ ಇಟ್ಟೆ. ಕಾಗೆಗೆ ಇಡುವುದನ್ನು ನಮ್ಮಲ್ಲಿ ಯಾರು ಊಟವೆಂದು ಎಣಿಸುತ್ತಾರೆ? ಅದು ಎಡೆ. ಅಲ್ಲಿಯ ಕಾಗೆಗೆ ಎದೆ ಬೆಳ್ಳಗೆ, ಸಿಸ್ಟರುಗಳ ಉಡುಪಿನ ಹಾಗೆ. ಮುಳ್ಳುಮರದ ಮೇಲೆ ಕೂತು ನೋಡಿತೇ ಹೊರತು ಇಳಿಯಲಿಲ್ಲ. "ನಿಮ್ಮ ಮಗನ್ನ ಚಲೋ ನೋಡ್ಕಂತೆ, ತಿನ್ನಿ" ಎಂದು ಮಾತು ಕೊಟ್ಟೆ. ಆದರೂ ಇಳಿಯಲಿಲ್ಲ.

ಬೆಳಿಗ್ಗೆ ನೋಡಿದರೆ ತಟ್ಟೆ ತೊಳೆದಿಟ್ಟಂತೆ ಖಾಲಿ. ನನಗೆ ಅಳು ಬಂತು, ಸಮಾಧಾನದ ಅಳು. ಮರುದಿನವೂ ಒಂದು ತುತ್ತು ಇಟ್ಟೆ. ಅದರ ಮರುದಿನವೂ. ಪ್ರತಿ ಬೆಳಿಗ್ಗೆ ತಟ್ಟೆ ಕಲ್ಲಿನಿಂದ ತುಸು ಈಚೆಗೆ, ನಮ್ಮ ಬಾಗಿಲ ಕಡೆಗೆ ಬಂದಿರುತ್ತಿತ್ತು. ಗಾಳಿ ಇರಬೇಕು ಅಂದುಕೊಂಡೆ.

ಆರನೆಯ ದಿನ ಹೊತ್ತು ಮುಳುಗುವಾಗ ಒಣಗಿದ ಹೊಳೆಯ ಆಚೆಯಿಂದ ಕೂಗು ಬಂತು. ಕೆಳದನಿಯಲ್ಲಿ ಶುರುವಾಗಿ, ಉದ್ದಕ್ಕೆ ಎಳೆದು, ಕೊನೆಯಲ್ಲಿ ಥಟ್ಟನೆ ಮೇಲಕ್ಕೆ.

ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಬಾಯಿ ತನ್ನಷ್ಟಕ್ಕೆ "ಓ, ಬಂದೆ" ಎಂದಿತು.

ಹಕ್ಕಿಗಳ ಸದ್ದೂ ನಿಂತಿತು. ಎರಡನೆಯ ಕೂಗು ಹೊಳೆಯ ಈಚೆಗಿತ್ತು. ಆಮೇಲೆ ಕೂಗಲಿಲ್ಲ; ಡೇರೆಯ ಬಟ್ಟೆ ನನ್ನ ಸೊಂಟದ ಎತ್ತರದಲ್ಲಿ ಮೆಲ್ಲಗೆ ಒಳಕ್ಕೆ ಉಬ್ಬಿತು, ಹೊರಗಿನಿಂದ ಯಾರೋ ಹಣೆ ಒತ್ತಿದ ಹಾಗೆ. ಉಬ್ಬು ಇಳಿದ ಮೇಲೆ ಅಲ್ಲಿ ಅಂಗೈಯಗಲದ ಒದ್ದೆ ಉಳಿಯಿತು.

ಬೆಳಿಗ್ಗೆ ಕಾವಲುಗಾರ ಹೆಜ್ಜೆಗುರುತುಗಳ ಮೇಲೆ ಬಾಗಿ ಕೂತಿದ್ದ. ಕೂಗಿದ್ದು ಕತ್ತೆಕಿರುಬ; ಅವನು ಮೊದಲೇ ಕಂಡಿದ್ದ, ಒಂದು ಕಿವಿ ಹರಿದ ಮುದಿ ಹೆಣ್ಣು. ರಾತ್ರಿ ಅತಿಥಿಯೊಬ್ಬರ ಡೇರೆಯ ಜಿಪ್ ಕಿತ್ತು ಒಳಗೆ ಇಣುಕಿ ಹೋಗಿತ್ತು. ಸಂಜೆಗೆ ಅದನ್ನು ಹೊಡೆಯುವುದೆಂದು ತೀರ್ಮಾನವಾಯಿತು. "ಯಾರಾದರೂ ಈಗಷ್ಟೇ ಉಣಿಸಿ ಕೆಡಿಸಿದ್ದಾದರೆ, ರುಚಿ ಪೂರ್ತಿ ಹತ್ತುವ ಮೊದಲು ಹೆದರಿಸಿ ಬಿಡಿಸಬಹುದು. ತಾನಾಗಿಯೇ ಕೆಟ್ಟದ್ದಕ್ಕೆ ಗುಂಡೇ ಗತಿ" ಎಂದ ಕಾವಲುಗಾರ.

ನಾನು ಗಂಡನನ್ನು ಅಡುಗೆಮನೆಯ ಹಿಂದೆ ಕರೆದು ಎಲ್ಲ ಹೇಳಿದೆ.

"ಎಂತ ಮಾಡ್ದೆ ಮಾರಾಯ್ತಿ! ಕೆಲಸ ಹೋಗ್ತು ನಂದು."

"ನಿಮ್ಮ ಆಯಿಗೆ ಇಟ್ಟದ್ದು."

ಅವರು ಸೌಟು ಕೆಳಗಿಟ್ಟರು. "ಇಲ್ಲಿಗೆ ಬಂದ ವರ್ಷದಿಂದ ಆ ಕೂಗು ಕೇಳ್ತೆ ಇದ್ದೆ ನಾನು" ಅಂದರು. "ಒಂದು ದಿನವೂ ಓ ಅನ್ನಲಿಲ್ಲ."

"ಈಗ ಎಂತ ಮಾಡುದು?"

"ಹೋಗಿ ಹೇಳು. ಕೆಲಸ ಹೋದ್ರೆ ಹೋಗ್ಲಿ. ಅದಕ್ಕೆ ಗುಂಡು ಹೊಡ್ಸುಕೆ ನನ್ನ ಹತ್ರ ಆತಿಲ್ಲ."

ಹೇಳಿದೆ. ಮುದುಕ ಬೈಯಲಿಲ್ಲ. ಮ್ಯಾನೇಜರ್ ಹತ್ತಿರ ಮಾತಾಡಿ ಮೂರು ಸಂಜೆಯ ಗಡುವು ಪಡೆದು ಬಂದ. "ಉಣಿಸಿದವಳೇ ಓಡಿಸಬೇಕು. ನಿನ್ನ ಕೈಯಿಂದಲೇ ಅದಕ್ಕೆ ಭಯ ಹುಟ್ಟಬೇಕು" ಎಂದು ಅದೇ ಸ್ಟೀಲ್ ತಟ್ಟೆಯನ್ನೂ ಒಂದು ಸೌಟನ್ನೂ ನನಗೆ ಕೊಟ್ಟು, ಬಂದೂಕು ಹಿಡಿದು ಹಿಂದೆ ನಿಂತ.

ಕೂಗು ಬಂತು. ಈ ಸಲ ನಾನು ಹಲ್ಲು ಕಚ್ಚಿಕೊಂಡೆ. ಹಳದಿ ಹುಲ್ಲಿನಿಂದ ಅದು ಹೊರಬಂದು ನಿಂತು, ಸರಿಯಾಗಿ ಕೇಳಿಸದವರ ಹಾಗೆ ತಲೆ ವಾಲಿಸಿ ನನ್ನ ಮುಖ ನೋಡಿತು. ಕೊನೆಯ ದಿನಗಳಲ್ಲಿ ಅತ್ತೆಯೂ ಹಾಗೆಯೇ ನೋಡುತ್ತಿದ್ದರು. ತಟ್ಟೆಯ ಮೇಲೆ ಸೌಟಿನಿಂದ ಬಡಿದೆ. ಬಡಿದೆ. "ಹೋಗಿ! ಬರಬೇಡಿ ಇಲ್ಲಿ! ಹೋಗಿ!" ಮನೆಯಲ್ಲಿ ಒಮ್ಮೆಯೂ ಎತ್ತದ ದನಿ ಅದು. ಮೊದಲ ಸಂಜೆ ಅದು ಕದಲಲಿಲ್ಲ. ಎರಡನೆಯ ಸಂಜೆ ನಾಲ್ಕು ಹೆಜ್ಜೆ ಹಿಂದೆ ಸರಿಯಿತು. ಮೂರನೆಯ ಸಂಜೆ ನಾನು ಬಡಿಯುತ್ತ ಅದರ ಕಡೆಗೇ ಓಡಿದೆ. ಬಾಲ ಮುದುರಿ ಹೊಳೆ ದಾಟಿ ಹೋಯಿತು. ಮುದುಕ ಬಂದೂಕಿನಿಂದ ಗುಂಡು ತೆಗೆದು ಜೇಬಿಗೆ ಹಾಕಿಕೊಂಡ.

ಗಂಡನ ಕೆಲಸ ಉಳಿಯಿತು, ಎಚ್ಚರಿಕೆಯ ಪತ್ರದೊಂದಿಗೆ.

ಈಗ ಹೊನ್ನಾವರದಲ್ಲಿ ಕಾಗೆಗೆ ಅನ್ನವಿಟ್ಟರೆ ಅದು ತಿಂದು ಮುಗಿಸುವವರೆಗೆ ಅಲ್ಲೇ ನಿಂತಿರುತ್ತೇನೆ. ಊಟವಾದ ಮೇಲೆ ಗಂಡನ ಫೋನ್ ಬರುತ್ತದೆ. ಅಲ್ಲಿ ಆಗಷ್ಟೇ ಸಂಜೆ. ಕೆಲವು ದಿನ ಅವರ ಮಾತಿನ ಹಿಂದೆ ಆ ಕೂಗು ಕೇಳುತ್ತದೆ.

"ದೂರ ಇದ್ದಲ್ದಾ?" ಎಂದು ಕೇಳುತ್ತೇನೆ.

"ದೂರವೇ. ಹೊಳೆಯಾಚೆ."

ಬಾಯಿಯವರೆಗೆ ಬಂದ "ಓ, ಬಂದೆ"ಯನ್ನು ಸೆರಗಿನಿಂದ ಒತ್ತಿ ಹಿಡಿಯುತ್ತೇನೆ.