ಮೈಕು ತಿರುಗಿಸಿದ ತಮ್ಮ, ವಯೋಲ ಹಿಡಿದ ಅಕ್ಕ

ವಯೋಲ ಎಂದರೆ ಪಿಟೀಲಿನ ಅಕ್ಕ. ಗಾತ್ರ ಜಾಸ್ತಿ, ಮರ್ಯಾದೆ ಕಡಿಮೆ. ಊರಿನ ದೊಡ್ಡ ಆರ್ಕೆಸ್ಟ್ರಾದಲ್ಲಿ ಅದನ್ನು ನುಡಿಸುವ ಈ ಕಥೆಯ ಅಕ್ಕ ಅಲ್ಲಿಗೆ ಸೇರಿದ್ದು ಮದುವೆಗೂ ಮುಂಚೆ. ಈಗ ಅವಳ ಮಗಳಿಗೇ ಮದುವೆಯಾಗಿದೆ. ಇಷ್ಟು ವರ್ಷದಲ್ಲಿ ಅವಳೊಬ್ಬಳೇ ನುಡಿಸಿದ ಸ್ವರ ಒಂದೂ ಇಲ್ಲ. ಮುಂದೆ ಪಿಟೀಲಿನವರು ಮೆರೆಯುತ್ತಾರೆ, ಹಿಂದೆ ತುತ್ತೂರಿಯವರು ಅಬ್ಬರಿಸುತ್ತಾರೆ, ವಯೋಲದವರು ಇಟ್ಟಿಗೆಗಳ ನಡುವಿನ ಗಾರೆಯಂತೆ ಸಂದು ತುಂಬುತ್ತಾರೆ. ಗಾರೆ ಚೆನ್ನಾಗಿದೆ ಎಂದು ಯಾರಾದರೂ ಮನೆ ಕೊಳ್ಳುತ್ತಾರೆಯೇ?

ಅವಳ ಕಛೇರಿಗಳಿಗೆ ಅಮ್ಮ ತಪ್ಪದೆ ಬರುತ್ತಿದ್ದಳು. ಮೂರನೇ ಸಾಲಿನಲ್ಲಿ ನೆಟ್ಟಗೆ ಕೂತು ಕೇಳಿ, ಆಮೇಲೆ, "ಎಲ್ಲಾ ಚೆನ್ನಾಗಿತ್ತು. ಅದರಲ್ಲಿ ನಿಂದು ಯಾವುದು?" ಎನ್ನುತ್ತಿದ್ದಳು. ತಮ್ಮನ ಕಡೆಗೆ ಮಾತ್ರ ಒಂದು ಸಲವೂ ತಲೆ ಹಾಕಿರಲಿಲ್ಲ. ಅವನು ಪಿಟೀಲಿನ ಪಾಠ ಬಿಟ್ಟು, ಕೂದಲು ಬಿಟ್ಟು, ರಾಕ್ ಬ್ಯಾಂಡಿನಲ್ಲಿ ಹಾಡುಗಾರನಾದವನು. "ಅದು ಹಾಡಲ್ಲ, ಹಲ್ಲುನೋವು" ಎಂದು ಅಮ್ಮ ಅಂದೇ ತೀರ್ಪು ಕೊಟ್ಟಿದ್ದಳು. ಈಗ ಅವನಿಗೂ ಐವತ್ತು ದಾಟಿತ್ತು. ಚರ್ಮದ ಕೋಟು ಉಳಿದಿತ್ತು, ಕೂದಲು ಅಷ್ಟಾಗಿ ಉಳಿದಿರಲಿಲ್ಲ.

ಆರ್ಕೆಸ್ಟ್ರಾಕ್ಕೆ ಜನ ಬೇಕಿತ್ತು, ಬ್ಯಾಂಡಿಗೆ ಮರ್ಯಾದೆ ಬೇಕಿತ್ತು. ಎರಡೂ ಕಡೆಯ ಮ್ಯಾನೇಜರುಗಳು ಸೇರಿ ಇಬ್ಬರಿಗೂ ಗಂಟು ಹಾಕಿದರು. ಎರಡು ಸಂಜೆಯ ಕಾರ್ಯಕ್ರಮ. "ನಾನು ಬರೋದು ನಿನ್ನ ಕಛೇರಿಗೆ. ಅವನೂ ಅಲ್ಲಿದ್ರೆ ಇರಲಿ" ಎಂದು ಅಮ್ಮ ಅಕ್ಕನಿಗೆ ಹೇಳಿದಳು. ಅಷ್ಟೇ ಸಾಕಾಗಿತ್ತು, ತಮ್ಮನ ನಿದ್ದೆ ಹಾರಿಹೋಯಿತು.

ಅಭ್ಯಾಸದ ದಿನ ನೋಡುವಂತಿತ್ತು. ಡ್ರಮ್ಮಿನವನನ್ನು ಗಾಜಿನ ಗೂಡಿನಲ್ಲಿ ಕೂರಿಸಿದ್ದರು. ಆದರೂ ಅವನ ಮುಂದೆ ಕೂತಿದ್ದ ವಯೋಲದವರು ಕಿವಿಗೆ ಹತ್ತಿ ತುರುಕಿಕೊಂಡರು. ಆರ್ಕೆಸ್ಟ್ರಾ ನಡೆಸುವ ಮೇಷ್ಟ್ರು ಕೋಲು ಎತ್ತಿ, "ಎರಡನೇ ಹಾಳೆ, ಮೂರನೇ ಸಾಲಿಂದ" ಎಂದರೆ, ಗಿಟಾರಿನವನು, "ಹಾಳೆ ಎಲ್ಲಿದೆ ಸಾರ್? ನಮ್ಮ ಹಾಡುಗಾರ ಜೋರಾಗಿ ಅಳ್ತಾನಲ್ಲ, ಅಲ್ಲಿಂದ ತಾನೇ?" ಎಂದ. ಮೇಷ್ಟ್ರು ನೀರು ಕುಡಿದರು.

ಬ್ಯಾಂಡಿನ ಹೆಸರುವಾಸಿ ಹಾಡಿನ ಕೊನೆಯಲ್ಲಿ ಎಲ್ಲ ವಾದ್ಯ ನಿಂತು, ತಮ್ಮನ ದನಿ ಒಂಟಿಯಾಗಿ ಮೇಲೆ ಏರಬೇಕು. ಅಭ್ಯಾಸದಲ್ಲಿ ಅವನು ಆ ಸಾಲು ಹಾಡಲೇ ಇಲ್ಲ. ಗಂಟಲು ಉಳಿಸುತ್ತಿದ್ದೇನೆ ಎಂದ. ಅಕ್ಕ ಅವನನ್ನು ವಾದ್ಯದ ಪೆಟ್ಟಿಗೆಗಳ ಸಂದಿಗೆ ಎಳೆದುಕೊಂಡು ಹೋದಳು.

"ನಿಜ ಹೇಳು."

"ಆ ಸ್ವರ ಹೋಗಿ ಎಷ್ಟೋ ಕಾಲ ಆಯ್ತಕ್ಕಾ. ಅಲ್ಲಿಗೆ ಬಂದಾಗ ಮೈಕನ್ನ ಜನರ ಕಡೆ ತಿರುಗಿಸ್ತೀನಿ. ಅವರೇ ಹಾಡ್ಕೋತಾರೆ. ನಾನು ಕಣ್ಣು ಮುಚ್ಕೊಂಡು ನಿಂತ್ಕೋತೀನಿ."

"ಕಳ್ಳ."

"ಅಮ್ಮ ಮೊದಲನೇ ಸಲ ಕೇಳ್ತಾ ಇದಾಳೆ. ಅವಳ ಮುಂದೆ ಒಡಕು ದನಿ ಬಂದ್ರೆ ಇನ್ನು ಜನ್ಮದಲ್ಲಿ ಬರಲ್ಲ ಕಣೇ."

ಅಕ್ಕನಿಗೆ ಕೋಪ ಬಂತು. ಇಷ್ಟು ದೊಡ್ಡ ಗಂಡಸು ಅಮ್ಮನಿಗೆ ಹೆದರುವುದನ್ನು ನೋಡಿ ನಗುವಂತೆಯೂ ಇರಲಿಲ್ಲ, ತಾನೂ ಹೆದರುತ್ತಿದ್ದಳಲ್ಲ.

ಸಂಜೆ ಸಭಾಂಗಣ ತುಂಬಿತು. ಅರ್ಧ ಜನ ಆರ್ಕೆಸ್ಟ್ರಾದ ಹಳೆಯ ಕೇಳುಗರು, ಕೆಮ್ಮಿದರೆ ಪಾಪ ಎಂದುಕೊಂಡವರು. ಅವರ ಮುಖ ನೋಡಿ ಬ್ಯಾಂಡಿನ ಅಭಿಮಾನಿಗಳೂ ಕೈಕಟ್ಟಿ ಪಿಟ್ಟೆನ್ನದೆ ಕೂತರು. ಹಾಡಿನ ಕೊನೆ ಬಂತು. ವಾದ್ಯಗಳು ನಿಂತವು. ತಮ್ಮ ಎಂದಿನ ಠೀವಿಯಲ್ಲಿ ಮೈಕನ್ನು ಜನರತ್ತ ತಿರುಗಿಸಿ ಕಣ್ಣು ಮುಚ್ಚಿದ.

ಯಾರೂ ಬಾಯಿ ಬಿಡಲಿಲ್ಲ. ಇಂಥ ಮೌನ ಅವನ ಜೀವನದಲ್ಲೇ ಇರಲಿಲ್ಲ. ಮೂರನೇ ಸಾಲಿನಿಂದ ಅಮ್ಮನ ಮಾತು ಸ್ಪಷ್ಟವಾಗಿ ಕೇಳಿತು: "ಯಾಕೋ ನಿಲ್ಲಿಸ್ಬಿಟ್ಟೆ?"

ಅಕ್ಕನ ಹಾಳೆಯಲ್ಲಿ ಆ ಜಾಗ ಖಾಲಿ. ಬರೆಯದ ಸ್ವರ ನುಡಿಸುವುದು ಅವರ ಕಸುಬಿನಲ್ಲಿ ಕೊಲೆಗೆ ಸಮ. ಆದರೆ ಆ ಸಾಲನ್ನು ತಮ್ಮ ಬಚ್ಚಲುಮನೆಯಲ್ಲಿ ಕಿರುಚಿ ಕಿರುಚಿ ಕಟ್ಟುವಾಗ ಹೊರಗೆ ಟವೆಲು ಹಿಡಿದು ಬೈಯುತ್ತ ಕಾದವಳು ಅವಳೇ. ಅವಳು ಕಮಾನು ಎಳೆದಳು. ಸ್ವರ ದಪ್ಪಗೆ, ಬೆಚ್ಚಗೆ, ಮನುಷ್ಯನ ಗಂಟಲಿನಿಂದಲೇ ಬಂದಂತೆ ಮೇಲೇರಿತು. ಮೇಷ್ಟ್ರು ನುಂಗುವಂತೆ ನೋಡಿದರು, ಅವಳು ನಿಲ್ಲಿಸಲಿಲ್ಲ. ಆ ಭೂಪ ತಮ್ಮನೋ, ಕಣ್ಣು ಬಿಟ್ಟವನೇ ಮೈಕನ್ನು ಬಾಯಿಗೆ ತಂದು, ತಾನೇ ಹಾಡುವವನಂತೆ ಬಾಯಿ ಅಗಲಿಸಿ ನಿಂತುಬಿಟ್ಟ. ಚಪ್ಪಾಳೆಗೆ ಛಾವಣಿ ಹಾರುವುದೊಂದು ಬಾಕಿ.

ಪರದೆಯ ಹಿಂದೆ ಅಮ್ಮ ಮಗನ ಕೆನ್ನೆ ಹಿಡಿದುಕೊಂಡಳು. "ಕೊನೇಲಿ ಮೇಲಕ್ಕೆ ಹೋದ್ಯಲ್ಲ, ಕಣ್ಣಲ್ಲಿ ನೀರು ಬಂತು ಕಣೋ."

ತಮ್ಮನ ಮುಖ ಹುಳ್ಳಗಾಯಿತು. "ಅದು ನಾನಲ್ಲಮ್ಮಾ. ಅಕ್ಕ ನುಡಿಸಿದ್ದು. ನಾನು ಬರೀ ಬಾಯಿ ತೆಗೆದೆ."

"ನೋಡಿದ್ಯೇನೇ?" ಅಮ್ಮ ಮಗಳತ್ತ ತಿರುಗಿದಳು. "ಹೊಗಳಿಕೇಲೂ ಅಕ್ಕನಿಗೆ ಪಾಲು ಕೊಡ್ತಾನೆ. ಎಷ್ಟು ಒಳ್ಳೆಯವನು. ನಾನೇ ಸುಮ್ನೆ ಇಷ್ಟು ವರ್ಷ ದೂರ ಇಟ್ಟೆ."

ಅಕ್ಕನ ಹೊಟ್ಟೆ ಉರಿಯಿತು. ಉರಿಯದೆ ಏನು ಮಾಡೀತು? ನಿಜ ಹೇಳಿ ಇನ್ನಷ್ಟು ಒಳ್ಳೆಯವನಾದ ತಮ್ಮ, ಅವನ ತೋಳು ಹಿಡಿದು ನಿಂತ ಅಮ್ಮ. ಅವರಿಬ್ಬರನ್ನು ಹಾಗೆ ನೋಡಲು ಅವಳೂ ಬಹಳ ಕಾಲದಿಂದ ಕಾದಿದ್ದಳು ಎಂಬುದೂ ಸುಳ್ಳಲ್ಲ.

"ನಾಳೇನೂ ಬರ್ತೀನಿ. ಅದನ್ನ ಇನ್ನೊಂದು ಸಲ ಕೇಳ್ಬೇಕು" ಎಂದು ಅಮ್ಮ ಬಾಗಿಲ ಕಡೆ ನಡೆದಳು.

ತಮ್ಮ ಬಿಳಿಚಿಕೊಂಡು ಅಕ್ಕನ ಕಿವಿಯ ಹತ್ತಿರ ಬಗ್ಗಿದ. "ನಾಳೇನೂ ನುಡಿಸ್ತೀಯಾ ಅಕ್ಕಾ? ನಿನ್ನ ಕಾಲು ಹಿಡ್ಕೋತೀನಿ."

ಅಕ್ಕ ವಯೋಲವನ್ನು ಪೆಟ್ಟಿಗೆಯಲ್ಲಿಟ್ಟು ಚಿಲಕ ಹಾಕಿದಳು.

"ನುಡಿಸ್ತೀನಿ," ಎಂದಳು. "ಎದ್ದು ನಿಂತು."